ಭಾಲ್ಕಿ ಇಂಗ್ಲಿಷ್ ಹೊತ್ತು ಶಾಂಪೇನ್ ನೆಲಮಾಳಿಗೆಗೆ

ಪ್ಯಾರಿಸ್‌ನ ಗಾರ್ ದ ಲೆಸ್ತ್ ರೈಲ್ವೆ ಸ್ಟೇಷನ್ನಿನ ಕೌಂಟರಿನಲ್ಲಿ ನಿಂತು ನಾನು ಮೂರು ಸಲ 'ರೀಮ್ಸ್' ಅಂದೆ. ಕಿಟಕಿಯಾಚೆ ಕೂತಿದ್ದ ಹಿರಿಯರು ಮೂರು ಸಲವೂ ತಲೆ ಅಲ್ಲಾಡಿಸಿದರು. ಕೊನೆಗೆ ಮೊಬೈಲ್ ತೆಗೆದು ಊರಿನ ಹೆಸರು ತೋರಿಸಿದೆ. "ಆಹ್, ರ‍್ಯಾಂಸ್!" ಅಂದರು. ಬರೆಯೋದೊಂದು, ಹೇಳೋದೊಂದು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಬೆಂಗಳೂರಿನಲ್ಲಿ 'ನಮ್ಮೂರು ಭಾಲ್ಕಿ' ಅಂದಾಗ 'ಅದೆಲ್ಲಿ ಬರುತ್ತೆ, ಮಹಾರಾಷ್ಟ್ರದಲ್ಲಾ?' ಅಂತ ಕೇಳಿಸಿಕೊಂಡು ಅಭ್ಯಾಸ ಇರೋನು ನಾನು.

ಆಫೀಸ್ ಕೆಲಸಕ್ಕೆ ಅಂತ ಎರಡು ವಾರ ಪ್ಯಾರಿಸ್‌ಗೆ ಕಳಿಸಿದ್ದರು. ಮಧ್ಯೆ ಒಂದು ವೀಕೆಂಡ್ ಸಿಕ್ಕಿತು. ಜೊತೆಗಿದ್ದವರು ಡಿಸ್ನಿಲ್ಯಾಂಡ್ ಅಂದರು. ನಾನು ಶಾಂಪೇನ್ ಸೀಮೆಗೆ ಹೋಗ್ತೀನಿ ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀಮ್ ಪಾರ್ಟಿಯಲ್ಲಿ ಸದಾ ಫ್ರೆಶ್ ಲೈಮ್ ಸೋಡಾ ಹಿಡಿದು ನಿಲ್ಲೋನು ಶಾಂಪೇನ್ ನೋಡಲಿಕ್ಕೆ ಹೋಗ್ತಾನಂತೆ!

ನನಗಿದ್ದ ಆಸೆ ಕುಡಿಯೋದಲ್ಲ, ಆ ನೆಲಮಾಳಿಗೆ ನೋಡೋದು. ಊರಿನ ಕೆಳಗೆ ಸೀಮೆಸುಣ್ಣದ ಕಲ್ಲು ಕೊರೆದು ಮಾಡಿದ ಕಿಲೋಮೀಟರ್‌ಗಟ್ಟಲೆ ಸುರಂಗಗಳು, ಅದರಲ್ಲಿ ಲಕ್ಷಗಟ್ಟಲೆ ಬಾಟಲಿಗಳು ಮಲಗಿವೆ ಅಂತ ಓದಿದ್ದೆ. ಶಾಂಪೇನ್‌ನ ದ್ರಾಕ್ಷಿ ಇಳಿಜಾರು, ತಯಾರಕರ ಮನೆಗಳು ಮತ್ತು ಈ ನೆಲಮಾಳಿಗೆಗಳು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬೀದರ್ ಜಿಲ್ಲೆಯಲ್ಲಿ ಬೆಳೆದವನಿಗೆ ನೆಲದ ಕೆಳಗಿನ ದಾರಿ ಅಂದರೆ ಒಂದು ಸೆಳೆತ ಇದ್ದೇ ಇರುತ್ತೆ.

ಆದರೆ ಒಳಗೊಳಗೆ ಒಂದು ಅಳುಕೂ ಇತ್ತು. ಅದು ಇಂಗ್ಲಿಷ್‌ನದು.

ಮಾಮನ ಅಂಗಡಿ, ನನ್ನ ಮೀಟಿಂಗ್

ಹತ್ತನೇ ಕ್ಲಾಸಿನವರೆಗೆ ನಾನು ಭಾಲ್ಕಿಯಲ್ಲಿ ಕನ್ನಡ ಮೀಡಿಯಂ. ಇಂಜಿನಿಯರಿಂಗ್ ಬೀದರ್‌ನಲ್ಲಿ. ಮೊದಲ ವರ್ಷ ಲೆಕ್ಚರ್ ಅರ್ಥ ಮಾಡಿಕೊಳ್ಳೋಕೆ ಡಿಕ್ಷನರಿ ಇಟ್ಟುಕೊಂಡು ಕೂತಿದ್ದೆ. ಒಂದು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಬರೆಯುವ ಪರೀಕ್ಷೆ ಪಾಸಾಗಿ, ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ತೆಗೆಯದೆ ಹೊರಬಿದ್ದೆ. ಈಗ ಏಳೆಂಟು ವರ್ಷದ ಅನುಭವ ಇದೆ, ಕೋಡ್ ಬರೆಯೋಕೆ ಹೆದರಿಕೆ ಇಲ್ಲ. ಆದರೂ ಮೀಟಿಂಗ್‌ನಲ್ಲಿ ಮಾತಾಡುವ ಮೊದಲು ವಾಕ್ಯವನ್ನು ತಲೆಯಲ್ಲೇ ಎರಡು ಸಲ ಓಡಿಸಿ ನೋಡ್ತೀನಿ. ಅಷ್ಟರಲ್ಲಿ ಆ ವಿಷಯ ಮುಗಿದು ಮುಂದಿನದು ಶುರುವಾಗಿರುತ್ತೆ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಇದು ಗೊತ್ತಿರಬಹುದು.

ತಮಾಷೆ ಏನಂದರೆ, ಭಾಷೆಗೆ ಹೆದರೋದು ನಮ್ಮ ಕಡೆಯ ಸ್ವಭಾವವೇ ಅಲ್ಲ. ನಮ್ಮ ಮಾಮನದು ಔರಾದ್‌ನಲ್ಲಿ ಕಿರಾಣಿ ಅಂಗಡಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಒಂದು ಗಂಟೆ ಅಲ್ಲಿ ಕೂತರೆ ಕನ್ನಡ, ಮರಾಠಿ, ತೆಲುಗು, ದಖ್ಖನಿ ನಾಲ್ಕೂ ಕಿವಿಗೆ ಬೀಳುತ್ತವೆ. ಮಾಮ ನಾಲ್ಕರಲ್ಲೂ ಉತ್ತರ ಕೊಡ್ತಾರೆ. ಮರಾಠಿಯಲ್ಲಿ ಲಿಂಗ ತಪ್ಪುತ್ತೆ, ತೆಲುಗಿನಲ್ಲಿ ಅರ್ಧ ಕನ್ನಡ ಸೇರುತ್ತೆ. ಭಾಷೆ ಸರಿ ಇಲ್ಲ ಅಂತ ಒಬ್ಬ ಗಿರಾಕಿಯೂ ಬರಿಗೈಲಿ ವಾಪಸ್ ಹೋಗಿದ್ದು ನಾನು ಕಂಡಿಲ್ಲ. ಅದೇ ಮನೆತನದ ನಾನು ಇಂಗ್ಲಿಷ್ ಅಂದ ತಕ್ಷಣ ಯಾಕೆ ಮುದುಡಿಕೊಳ್ತೀನಿ ಅನ್ನೋದು ನನಗೂ ಗೊತ್ತಿರಲಿಲ್ಲ.

'ಕಾಂಪ್ಲೆ' ಅಂದರೆ ಕಂಪ್ಲೀಟ್ ಅಲ್ಲ

ಪ್ಯಾರಿಸ್‌ನಿಂದ ರ‍್ಯಾಂಸ್‌ಗೆ ವೇಗದ ರೈಲಿನಲ್ಲಿ ಸುಮಾರು 45 ನಿಮಿಷ. ನಾನು ಮೊದಲು ಹೋದ ನೆಲಮಾಳಿಗೆಯ ಬಾಗಿಲಲ್ಲಿ ಆ ದಿನದ ಪ್ರವಾಸಗಳ ಪಟ್ಟಿ ಹಾಕಿದ್ದರು. ಇಂಗ್ಲಿಷ್ ಪ್ರವಾಸದ ಮುಂದೆ 'ಕಾಂಪ್ಲೆ' ಅಂತ ಬರೆದಿತ್ತು. ಅಕ್ಷರಗಳು ಹೆಚ್ಚೂಕಡಿಮೆ ಇಂಗ್ಲಿಷಿನ 'ಕಂಪ್ಲೀಟ್' ಥರಾನೇ. ಓಹೋ, ಎಲ್ಲವನ್ನೂ ತೋರಿಸುವ ಪೂರ್ತಿ ಪ್ರವಾಸ ಇರಬೇಕು ಅಂತ ಖುಷಿಯಿಂದ ಅರ್ಧ ಗಂಟೆ ಬೆಂಚಿನ ಮೇಲೆ ಕಾದೆ. ಆಮೇಲೆ ಗೊತ್ತಾಯ್ತು, ಅದರ ಅರ್ಥ 'ಸೀಟು ಭರ್ತಿ'!

ಇಂಗ್ಲಿಷ್ ಬಲ್ಲವರಿಗೆ ಫ್ರೆಂಚ್‌ನಲ್ಲಿ ಇಂಥ ಗುಂಡಿಗಳು ಬಹಳ. 'ಕಾವ್' ಅನ್ನೋ ಪದವನ್ನು ಇಂಗ್ಲಿಷಿನ ಹಾಗೆ ಓದಿದರೆ 'ಕೇವ್', ಗುಹೆ. ಇಲ್ಲಿ ಅದರರ್ಥ ನೆಲಮಾಳಿಗೆ. 'ಮೇಜೋಂ' ಅಂದರೆ ಮನೆ, ಆದರೆ ಇಲ್ಲಿ ಶಾಂಪೇನ್ ತಯಾರಿಸುವ ಕಂಪನಿ. ಬಾಟಲಿಯ ಮೇಲೆ 'ಬ್ರೂಟ್' ಅಂತ ಕಂಡರೆ ಒರಟು ಅಂತಲ್ಲ, ಸಿಹಿ ಕಡಿಮೆ ಅಂತ. ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ದೆಮಿ ಸೆಕ್' ಅಂದರೆ ಪದಶಃ ಅರ್ಧ ಒಣ, ಕುಡಿದರೆ ಚೆನ್ನಾಗೇ ಸಿಹಿ. 'ಸುರ್ ರಾಂದೆವೂ' ಅಂತ ಬಾಗಿಲಿಗೆ ಹಾಕಿದ್ದರೆ ಮೊದಲೇ ಅಪಾಯಿಂಟ್‌ಮೆಂಟ್ ಬೇಕು, ಸುಮ್ಮನೆ ಹೋಗಿ ಬಾಗಿಲು ತಟ್ಟುವ ಹಾಗಿಲ್ಲ.

ನನ್ನ ಪುಣ್ಯಕ್ಕೆ ಅದೇ ಬೀದಿಯ ಇನ್ನೊಂದು ಕಡೆ ಮಧ್ಯಾಹ್ನದ ಇಂಗ್ಲಿಷ್ ಪ್ರವಾಸದಲ್ಲಿ ಒಂದು ಜಾಗ ಉಳಿದಿತ್ತು.

ಸೀಮೆಸುಣ್ಣದ ಗೋಡೆ

ಗುಂಪಿನಲ್ಲಿ ಹನ್ನೆರಡು ಜನ ಇದ್ದೆವು. ಅಮೆರಿಕದವರು, ಲಂಡನ್ನಿನ ಒಂದು ಕುಟುಂಬ, ಒಂದು ಕೊರಿಯನ್ ಜೋಡಿ, ಕೊನೆಯಲ್ಲಿ ಭಾಲ್ಕಿಯ ನಾನು. ಗೈಡ್ ಸುಮಾರು ಐವತ್ತರ ಹೆಂಗಸು. ಬಾಗಿಲು ತೆಗೆಯುವ ಮೊದಲು ಅವರು ಹೇಳಿದ್ದು ಇಷ್ಟು: "ನನ್ನ ಇಂಗ್ಲಿಷ್ ಪರ್ಫೆಕ್ಟ್ ಅಲ್ಲ. ಅರ್ಥ ಆಗದಿದ್ದರೆ ನಿಲ್ಲಿಸಿ ಕೇಳಿ, ಇನ್ನೊಂದು ಥರ ಹೇಳ್ತೀನಿ." ಅಷ್ಟೇ. ನಾಚಿಕೆ ಇಲ್ಲ, ಕ್ಷಮೆ ಇಲ್ಲ. ನೂರಾರು ಮೆಟ್ಟಿಲು ಇಳಿಯೋಕೆ ಶುರು ಮಾಡಿದರು.

ಇಳಿದಂತೆ ಚಳಿ. ಒಳಗೆ ವರ್ಷವಿಡೀ 10ರಿಂದ 12 ಡಿಗ್ರಿ. ಹೊರಗೆ ಬೇಸಿಗೆ ಇರಲಿ, ಹಿಮ ಇರಲಿ, ಇಲ್ಲಿ ಬದಲಾವಣೆ ಇಲ್ಲ. ರೋಮನ್ನರ ಕಾಲದಿಂದ ಮಧ್ಯಯುಗದವರೆಗೆ ಊರು ಕಟ್ಟೋಕೆ ಕಲ್ಲು ತೆಗೆದ ಗಣಿಗಳಿವು. ಮೇಲೆ ಕಿರಿದು, ಕೆಳಗೆ ಅಗಲ, ಗಂಟೆಯ ಆಕಾರ. ತಲೆ ಎತ್ತಿದರೆ ಎಲ್ಲೋ ಮೇಲೆ ಅಂಗೈಯಷ್ಟು ಬೆಳಕು. 18ನೇ ಶತಮಾನದಿಂದ ಶಾಂಪೇನ್ ಮನೆಗಳು ಈ ಖಾಲಿ ಗಣಿಗಳನ್ನು ಗೋದಾಮು ಮಾಡಿಕೊಂಡವು. 1729ರಲ್ಲಿ ಶುರುವಾದ ರುಯಿನಾರ್, ಆಮೇಲೆ ವವ್ ಕ್ಲಿಕೋ, ಪೊಮೆರಿ, ತೆತ್ಯಾಂಜೆ ಎಲ್ಲರ ಬಾಟಲಿಗಳೂ ಈ ಊರಿನ ಇಂಥ ಗಣಿಗಳಲ್ಲೇ ಹಣ್ಣಾಗುತ್ತವೆ. ಪಕ್ಕದ ಎಪೆರ್ನೆ ಪಟ್ಟಣದಲ್ಲಿ 1743ರ ಮೊವೆತ್ ಎ ಶಾಂಡೋನ್ ಒಂದೇ ಕಂಪನಿಯ ನೆಲಮಾಳಿಗೆ 28 ಕಿಲೋಮೀಟರ್ ಇದೆ. ಭಾಲ್ಕಿಯಿಂದ ಬೀದರ್ ಕಡೆ ಹೊರಟರೆ ಮುಕ್ಕಾಲು ದಾರಿ ನೆಲದ ಕೆಳಗೇ ಮುಗಿಯುವಷ್ಟು ಉದ್ದ ಅಂತ ಅಂದಾಜು ಮಾಡಿಕೊಂಡೆ.

"ಗೋಡೆ ಮುಟ್ಟಿ ನೋಡಿ" ಅಂದರು ಗೈಡ್. ಮುಟ್ಟಿದೆ. ಬೆರಳು ಬೆಳ್ಳಗಾಯ್ತು. ಭಾಲ್ಕಿಯ ಶಾಲೆಯಲ್ಲಿ ಕರಿಹಲಗೆ ಮುಂದೆ ನಿಲ್ಲಿಸಿ, ಇಂಗ್ಲಿಷಿನಲ್ಲಿ ಐದು ವಾಕ್ಯ ಬರಿ ಅಂದಾಗ ಕೈಗೆ ಮೆತ್ತಿಕೊಳ್ತಿದ್ದ ಅದೇ ಪುಡಿ.

ಗೋಡೆಗಳ ಕಥೆ ಬರೀ ವೈನ್‌ನದ್ದಲ್ಲ. ಮೊದಲ ಮಹಾಯುದ್ಧದಲ್ಲಿ, 1914ರಿಂದ, ಜರ್ಮನ್ ಫಿರಂಗಿಗಳು ಈ ಊರಿನ ಮೇಲೆ ಗುಂಡು ಸುರಿಸಿದವು. ದೊಡ್ಡ ಕೆಥೆಡ್ರಲ್ ಸುಟ್ಟಿತು. ಆಗ ಸಾವಿರಾರು ಜನ ಇದೇ ನೆಲಮಾಳಿಗೆಗಳಲ್ಲಿ ಬದುಕಿದರು. ಬಾಟಲಿಗಳ ಪಕ್ಕದಲ್ಲೇ ಮಕ್ಕಳಿಗೆ ಪಾಠ ನಡೀತು. ಇದನ್ನು ಹೇಳುವಾಗ ಗೈಡ್‌ಗೆ ಒಂದು ಇಂಗ್ಲಿಷ್ ಪದ ಸಿಗಲಿಲ್ಲ. ಫ್ರೆಂಚ್‌ನಲ್ಲಿ ಹೇಳಿದರು, ಕೈಯಲ್ಲಿ ಆಕಾರ ಮಾಡಿ ತೋರಿಸಿದರು. ಎಲ್ಲರಿಗೂ ತಿಳೀತು. ಯಾರೂ ನಗಲಿಲ್ಲ.

ಬಾಟಲಿಯೊಳಗಿನ ಗಾಳಿ

ಶಾಂಪೇನ್ ಆಗೋದು ಹೀಗೆ. ದ್ರಾಕ್ಷಿಯನ್ನು ಕೈಯಿಂದಲೇ ಕೀಳಬೇಕು, ಅದು ನಿಯಮ. ಮುಖ್ಯವಾಗಿ ಮೂರು ಜಾತಿ: ಪಿನೋ ನ್ವಾರ್, ಮುನಿಯೇ, ಶಾರ್ಡೊನೆ. ಮೊದಲು ಸಾದಾ ವೈನ್ ಮಾಡ್ತಾರೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಹಾಕಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಒಳಗೆ ಮತ್ತೆ ಹುದುಗು ಬರುತ್ತೆ. ಹುಟ್ಟಿದ ಗಾಳಿಗೆ ಹೊರಹೋಗೋಕೆ ದಾರಿ ಇಲ್ಲ, ವೈನ್‌ನಲ್ಲೇ ಕರಗುತ್ತೆ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು ಮೂರು ಪಟ್ಟು. ಹಿಂದೆ ಗಾಜು ಗಟ್ಟಿ ಇಲ್ಲದ ಕಾಲದಲ್ಲಿ ಬಾಟಲಿಗಳು ಸಿಡೀತಿದ್ದವಂತೆ, ಕೆಲಸಗಾರರು ಕಬ್ಬಿಣದ ಮುಖವಾಡ ಹಾಕಿಕೊಂಡು ಓಡಾಡ್ತಿದ್ದರಂತೆ.

ಆಮೇಲೆ ಕಾಯೋದು. ಸಾಮಾನ್ಯ ಶಾಂಪೇನ್‌ಗೆ ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯ ವಿಶೇಷ ಬಾಟಲಿಗೆ 3 ವರ್ಷ. ಎರಡು ವಾರಕ್ಕೊಮ್ಮೆ ರಿಲೀಸ್ ಮಾಡುವ ನನಗೆ ಇದು ನುಂಗಲಾರದ ತುತ್ತು.

ಸತ್ತ ಯೀಸ್ಟ್ ತಳದಲ್ಲಿ ಕೂತಿರುತ್ತಲ್ಲ, ಅದನ್ನು ತೆಗೆಯೋದು ಹೇಗೆ? ಇಲ್ಲಿ ಒಬ್ಬ ವಿಧವೆಯ ಕಥೆ ಬರುತ್ತೆ. 1805ರಲ್ಲಿ ಗಂಡ ತೀರಿಕೊಂಡಾಗ ಬಾರ್ಬ್ ನಿಕೋಲ್ ಕ್ಲಿಕೋಗೆ 27 ವರ್ಷ. ಮುಳುಗುತ್ತಿದ್ದ ವ್ಯಾಪಾರವನ್ನು ತಾನೇ ಹಿಡಿದಳು. 'ವವ್' ಅಂದರೆ ವಿಧವೆ. ಇವತ್ತಿಗೂ ಕಂಪನಿಯ ಹೆಸರು ಅದೇ. 1816ರ ಸುಮಾರಿಗೆ ಆಕೆಯ ನೆಲಮಾಳಿಗೆಯಲ್ಲಿ, ತೂತು ಕೊರೆದ ಹಲಗೆಗೆ ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿ ದಿನಾ ಸ್ವಲ್ಪ ಸ್ವಲ್ಪ ತಿರುಗಿಸುವ ಪದ್ಧತಿ ಬಂತು. ಕೆಲವು ವಾರದಲ್ಲಿ ಗಸಿ ಎಲ್ಲಾ ಕುತ್ತಿಗೆಗೆ ಇಳಿಯುತ್ತೆ. ಕುತ್ತಿಗೆಯನ್ನಷ್ಟೇ ಹಿಮಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಗಡ್ಡೆ ಒತ್ತಡಕ್ಕೆ ತಾನೇ ಹಾರಿ ಹೋಗುತ್ತೆ. ಈಗ ಹೆಚ್ಚಿನ ಕಡೆ ತಿರುಗಿಸೋದು ಯಂತ್ರ, ಒಂದು ವಾರ ಸಾಕು.

ಅಷ್ಟರಲ್ಲಿ ನನ್ನ ಬಾಯಿಂದ ಪ್ರಶ್ನೆ ಬಂದೇಬಿಟ್ಟಿತು. ತಲೆಯಲ್ಲಿ ಎರಡು ಸಲ ಓಡಿಸಿ ನೋಡಿರಲಿಲ್ಲ. ಯಂತ್ರ ಒಂದು ವಾರದಲ್ಲಿ ಮಾಡೋದಾದರೆ ಕೈಯಿಂದ ಇನ್ನೂ ಯಾಕೆ ತಿರುಗಿಸ್ತೀರಿ ಅಂತ ಕೇಳಿದೆ. ವ್ಯಾಕರಣ ಎಲ್ಲೋ ತಪ್ಪಿತ್ತು, ನನಗೇ ಗೊತ್ತಾಯ್ತು. ಗೈಡ್ ಮಾತ್ರ ಕಣ್ಣರಳಿಸಿ, "ಒಳ್ಳೆ ಪ್ರಶ್ನೆ. ರುಚಿಗೆ ವ್ಯತ್ಯಾಸ ಇಲ್ಲ. ದೊಡ್ಡ ಬಾಟಲಿಗಳಿಗೆ ಕೈ ಬೇಕು. ಇನ್ನೊಂದು, ಕೈಗೆ ಕೆಲಸ ಮರೆತುಹೋಗಬಾರದು" ಅಂದರು. ಅಮೆರಿಕದ ಒಬ್ಬರು ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಮಾತು ಬೆಳೀತು. ಬೆಂಗಳೂರಿನ ಮೀಟಿಂಗ್‌ನಲ್ಲಿ ನನಗೆ ಇಂಗ್ಲಿಷ್ ಒಂದು ಪರೀಕ್ಷೆ. ಇಲ್ಲಿ ಆಕೆಗೂ ಸಾಲದ ಭಾಷೆ, ನನಗೂ ಸಾಲದ ಭಾಷೆ. ಔರಾದ್‌ನ ಮಾಮನ ಅಂಗಡಿಯಲ್ಲಿ ಕೂತ ಹಾಗಾಯ್ತು.

ಕೀಚೈನ್ ತೆಗೆದೆ

ಗೈಡ್ ಹೆಸರಿನ ವಿಷಯಕ್ಕೆ ಬಂದರು. ಈ ಸೀಮೆಯ ದ್ರಾಕ್ಷಿಯಿಂದ, ಈ ವಿಧಾನದಲ್ಲಿ ಆದದ್ದು ಮಾತ್ರ ಶಾಂಪೇನ್. ಬೇರೆ ಕಡೆಯದು ಬರೀ ಸ್ಪಾರ್ಕ್ಲಿಂಗ್ ವೈನ್. ಹೊರಗಿನ ದ್ರಾಕ್ಷಿ ತಂದು ಸೇರಿಸ್ತಾರೆ ಅಂತ 1911ರಲ್ಲಿ ಇಲ್ಲಿನ ಬೆಳೆಗಾರರು ದಂಗೆಯೇ ಎದ್ದಿದ್ದರು. ನಮ್ಮ ನಾಸಿಕ್ ಬಳಿಯ ದಿಂಡೋರಿಯ ಶಾಂಡೋನ್ ಇದೇ ಫ್ರೆಂಚ್ ಮನೆತನದ್ದು, ಆದರೂ ಆ ಬಾಟಲಿಯ ಮೇಲೆ 'ಶಾಂಪೇನ್' ಅಂತ ಹಾಕುವ ಹಾಗಿಲ್ಲ.

"ಮಣ್ಣು ಬೇರೆ ಆದರೆ ವಸ್ತು ಬೇರೆ" ಅಂದರು. ನನ್ನ ಕೈ ಜೇಬಿಗೆ ಹೋಯ್ತು. ಬೀಗದ ಕೈಗೆ ಹಾಕಿದ್ದ ಪುಟ್ಟ ಬಿದ್ರಿ ಕೀಚೈನ್ ತೆಗೆದು ತೋರಿಸಿದೆ. ಸತು ಮತ್ತು ತಾಮ್ರದ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಕೂರಿಸ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಕುಶಲಕರ್ಮಿಗಳು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸ್ತಾರೆ. 2006ರಲ್ಲಿ ಬಿದ್ರಿಗೂ ಜಿಐ ಟ್ಯಾಗ್ ಬಂತು. ಇದಿಷ್ಟನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಕೀಚೈನ್ ಹನ್ನೆರಡು ಜನರ ಕೈ ಸುತ್ತಿ ವಾಪಸ್ ಬಂತು.

"ನಿಮ್ಮ ಊರಿನ ಕೆಳಗೂ ಏನಾದರೂ ಇದೆಯಾ?" ಅಂತ ಕೇಳಿದರು ಗೈಡ್, ನಗುತ್ತಾ.

ಝರಣಿ ನರಸಿಂಹನ ಗುಹೆ ಹೇಳಿದೆ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು, ಮೇಲೆ ಬಾವಲಿ, ಕೊನೆಯಲ್ಲಿ ದೇವರು. ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದೆ. ಆಮೇಲೆ ನೌಬಾದ್‌ನ ಕರೇಜ್ ಹೇಳಿದೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಪರ್ಷಿಯಾದ ತಂತ್ರದಿಂದ ಕೊರೆಸಿದ ನೀರಿನ ಸುರಂಗ. "ಹೇಗೆ ಕೆಲಸ ಮಾಡುತ್ತೆ?" ಅಂದರು. ನನಗೆ ಉತ್ತರ ಬರಲಿಲ್ಲ. ಈ ಸಲ ಅಡ್ಡ ಬಂದದ್ದು ಇಂಗ್ಲಿಷ್ ಅಲ್ಲ. ನಾಲ್ಕು ವರ್ಷ ಬೀದರ್‌ನಲ್ಲಿ ಓದಿದ್ದರೂ ಅದನ್ನು ನಾನು ನೋಡೇ ಇರಲಿಲ್ಲ.

ಒಂದು ಗುಟುಕು

ಕೊನೆಗೆ ಮೇಲೆ ಬಂದು ರುಚಿ ನೋಡುವ ಕೋಣೆ. ನನ್ನ ಗ್ಲಾಸಿನಲ್ಲಿ ಗುಳ್ಳೆಗಳು ಏಳ್ತಾ ಇದ್ದವು. ಒಂದು ಗುಟುಕು ತಗೊಂಡೆ, ಉಳಿದದ್ದನ್ನು ಅಲ್ಲಿಟ್ಟಿದ್ದ ಪಾತ್ರೆಗೆ ಸುರಿದೆ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ವೃತ್ತಿಯಿಂದ ರುಚಿ ನೋಡುವವರೂ ಉಗುಳ್ತಾರಂತೆ, ಪಾತ್ರೆ ಇಟ್ಟಿರೋದೇ ಅದಕ್ಕೆ. ನಮ್ಮ ಆಫೀಸ್ ಪಾರ್ಟಿಯಲ್ಲಿ ಸೋಡಾ ಹಿಡಿದವನಿಗೆ ಬರುವಷ್ಟು ಪ್ರಶ್ನೆಗಳು ಅಲ್ಲಿ ಬರಲಿಲ್ಲ.

ಹೊರಗೆ ಬಂದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ದಿನಾ ಇಷ್ಟಲಿಂಗ ಪೂಜೆ ಆಗದೆ ಚಹಾ ಕುಡಿಯದ ಜೀವ ಅದು.

"ಎಲ್ಲಿದ್ದೀ ಮಗಾ?"

"ದ್ರಾಕ್ಷಿ ದಾರೂ ಮಾಡೋ ಜಾಗಕ್ಕ ಬಂದೀನಿ ಅವ್ವಾ."

"ಕುಡ್ದಿ ಏನು?"

"ಒಂದು ಗುಟುಕು. ಸುಳ್ಳು ಹೇಳಂಗಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹ್ಯಾಂಗಿತ್ತು?"

"ಹುಳಿ ಅದ. ನಾಲಿಗಿ ಮ್ಯಾಲ ಚುಳುಚುಳು ಅಂತದ."

"ಇಷ್ಟಕ್ಕ ಅಷ್ಟು ದೂರ ಹೋಗಿದ್ದಿ? ಭಾಲ್ಕಿ ಬಸ್‌ಸ್ಟ್ಯಾಂಡ್‌ನಾಗ ಸೋಡಾ ಸಿಗ್ತಿದ್ದಿಲ್ಲೇನು?"

ನೀವು ಹೋಗೋದಾದರೆ

ಇಂಗ್ಲಿಷ್ ಪ್ರವಾಸಕ್ಕೆ ಆನ್‌ಲೈನ್‌ನಲ್ಲೇ ಮೊದಲು ಸೀಟು ಹಿಡಿಯಿರಿ. ಬುಕ್ ಮಾಡುವಾಗ ಭಾಷೆ ಆರಿಸುವುದನ್ನು ಮರೀಬೇಡಿ.

ಅಂಗಡಿ, ಕೌಂಟರ್, ಬಸ್ ಎಲ್ಲೇ ಆದರೂ ಮೊದಲ ಮಾತು 'ಬೊಂಜೂರ್' ಇರಲಿ. ನೇರವಾಗಿ ಇಂಗ್ಲಿಷ್ ಶುರು ಮಾಡಿದರೆ ಅಲ್ಲಿ ಅದು ಒರಟುತನ. ಆಮೇಲೆ 'ಪಾರ್ಲೆ ವೂ ಆಂಗ್ಲೆ?', ಇಂಗ್ಲಿಷ್ ಬರುತ್ತಾ ಅಂತ ಕೇಳಿ. ನಮ್ಮೂರಲ್ಲಿ 'ಶರಣ್ರೀ' ಅನ್ನದೆ ರೇಟ್ ಕೇಳಿದರೆ ಹೇಗಿರುತ್ತೋ ಹಾಗೆ ಅಂದ್ಕೊಳ್ಳಿ.

ಜೂನ್ ತಿಂಗಳಾದರೂ ಜಾಕೆಟ್ ಬೇಕು. ಮೆಟ್ಟಿಲು ಬಹಳ, ನೆಲ ಒದ್ದೆ, ಜಾರದ ಶೂ ಹಾಕಿ. ಹಿರಿಯರನ್ನು ಕರೆದುಕೊಂಡು ಹೋಗೋದಾದರೆ ಲಿಫ್ಟ್ ಇದೆಯಾ ಅಂತ ಮೊದಲೇ ವಿಚಾರಿಸಿ.

ರುಚಿ ನೋಡುವ ಆಸೆ ಇದ್ದರೆ ಕಾರು ಬೇಡ, ರೈಲೇ ಸರಿ. ರ‍್ಯಾಂಸ್‌ನಿಂದ ಎಪೆರ್ನೆಗೂ ರೈಲಿದೆ, ಸುಮಾರು ಅರ್ಧ ಗಂಟೆ. ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಬಾಟಲಿ ತರೋದಾದರೆ ಚೆಕ್‌ಇನ್ ಬ್ಯಾಗಿನಲ್ಲಿಡಿ. ಭಾರತಕ್ಕೆ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ.

ಕುಡಿಯದವರೂ ಧಾರಾಳವಾಗಿ ಹೋಗಬಹುದು. ನೋಡೋದಕ್ಕೇ ಅಷ್ಟಿದೆ.

ನೌಬಾದ್‌ನಲ್ಲಿ

ದೀಪಾವಳಿಗೆ ಊರಿಗೆ ಹೋದಾಗ ಆಫೀಸಿನ ಇಬ್ಬರು ಗೆಳೆಯರು ಜೊತೆಗೆ ಬಂದರು. ಒಬ್ಬ ಕೊಚ್ಚಿಯವನು, ಒಬ್ಬ ಕೋಲ್ಕತ್ತಾದವನು. ಹೋಗುವ ಮೊದಲು ಕರೇಜ್ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದಿಕೊಂಡೆ. ಅವ್ವನನ್ನೂ ಕರೆದುಕೊಂಡು ನಾಲ್ವರೂ ನೌಬಾದ್‌ಗೆ ಹೋದೆವು.

ಬೀದರ್ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ಸ್ಪಂಜಿನ ಹಾಗೆ ಮಳೆನೀರು ಹೀರುತ್ತೆ. ಅದರ ಕೆಳಗೆ ಗಟ್ಟಿ ಕಪ್ಪುಕಲ್ಲು, ನೀರು ಇಳಿಯಲು ಬಿಡಲ್ಲ. ಎರಡೂ ಕೂಡುವ ಕಡೆ ನೀರು ಸಂಗ್ರಹ ಆಗುತ್ತೆ. ಅಲ್ಲೇ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದರೆ ಪಂಪ್ ಇಲ್ಲದೆ ನೀರು ತಾನೇ ಹರಿದು ಬರುತ್ತೆ. ಎರಡು ಕಿಲೋಮೀಟರಿಗಿಂತ ಉದ್ದದ ದಾರಿಗೆ ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳು. ಒಂದರೊಳಗೆ ಬಗ್ಗಿ ನೋಡಿದೆವು. ತಣ್ಣನೆ ಗಾಳಿ ಮುಖಕ್ಕೆ ಬಂತು. ರ‍್ಯಾಂಸ್‌ನಲ್ಲಿ ಮೊದಲ ಮೆಟ್ಟಿಲಲ್ಲಿ ಬಂದಂಥದ್ದೇ.

ಗೆಳೆಯರಿಗೆ ಇದನ್ನೆಲ್ಲಾ ಇಂಗ್ಲಿಷಿನಲ್ಲೇ ಹೇಳಬೇಕಿತ್ತು. ಶುರು ಮಾಡುವ ಮೊದಲು ಅಂದೆ: "ನನ್ನ ಇಂಗ್ಲಿಷ್ ಪರ್ಫೆಕ್ಟ್ ಅಲ್ಲ. ಅರ್ಥ ಆಗದಿದ್ದರೆ ನಿಲ್ಲಿಸಿ ಕೇಳಿ." ಎರಡು ಸಲ ನಿಲ್ಲಿಸಿ ಕೇಳಿದರು. ಇನ್ನೊಂದು ಥರ ಹೇಳಿದೆ.

ವಾಪಸ್ ಬರುವಾಗ ಅವ್ವ ಆಟೋದಲ್ಲಿ ಮೆಲ್ಲಗೆ ಅಂದಳು: "ನೀ ಏನ್ ಹೇಳ್ದಿ ನಂಗ ಒಂದೂ ತಿಳೀಲಿಲ್ಲ. ಆದ್ರ ಭಾಳ ಹೊತ್ತು ಮಾತಾಡ್ದಿ, ಎಲ್ಲೂ ತಡೀಲಿಲ್ಲ. ಈಗ ಅದೇ ನಂಗ ಕನ್ನಡದಾಗ ಹೇಳು."

ಮನೆ ಮುಟ್ಟುವವರೆಗೂ ಹೇಳ್ತಾ ಇದ್ದೆ.